ಉಲ್ಟಾ ಮಡಿಸಿದ ನೀಲಿ ಅಂಗಿ

"ಆ ಚೀಲ ಮಾತ್ರ ಬಿಚ್ಚಬೇಡಿ ಮೇಷ್ಟ್ರೇ! ಕೈಮುಗೀತೀನಿ."

ತಂಗಿ ಬಟ್ಟೆಯ ಚೀಲವನ್ನು ಎದೆಗೆ ಅವುಚಿಕೊಂಡು ಹೊಲಿಗೆ ಮಿಷನ್ನಿನ ಹಿಂದೆ ಹೋಗಿ ನಿಂತಳು. ಅವಳದೇ ಅಂಗಡಿ, ಅವಳದೇ ಮಿಷನ್ನು. ಆದರೂ ಸಿಕ್ಕಿಬಿದ್ದ ಕಳ್ಳಿಯ ಹಾಗೆ ನಡುಗುತ್ತಿದ್ದಳು.

ಅಕ್ಕ ಪರದೇಶದ ಸರೋವರದಲ್ಲಿ ಮುಳುಗಿದಳೆಂಬ ಸುದ್ದಿ ಬಂದು ಇಪ್ಪತ್ತೆರಡು ದಿನವಾಗಿತ್ತು. ಹೆಣ ಸಿಕ್ಕಿರಲಿಲ್ಲ. ಸಿಕ್ಕಿದ್ದು ಈ ಪೆಟ್ಟಿಗೆ, ಪೆಟ್ಟಿಗೆಯೊಳಗೆ ಈ ಚೀಲ.

ಲಗೇಜ್ ಮೇಷ್ಟ್ರು ಎಂದೇ ಹೆಸರಾದ ಆ ಮುದುಕರು ಅವಸರ ಮಾಡಲಿಲ್ಲ. ವಿಮಾನ ನಿಲ್ದಾಣದ ಕಳೆದುಹೋದ ಸಾಮಾನಿನ ವಿಭಾಗದಲ್ಲಿ ಮೂವತ್ತೊಂದು ವರ್ಷ ಸವೆಸಿದ ಮನುಷ್ಯ. ಯಾರದೋ ಪೆಟ್ಟಿಗೆಯನ್ನು ಮುಂದಿಟ್ಟುಕೊಂಡು ಅದರ ಒಡೆಯರ ಗುಣಸ್ವಭಾವ ಹೇಳುವುದು ಅವರಿಗೆ ನೀರು ಕುಡಿದಷ್ಟು ಸುಲಭ. ನಿವೃತ್ತರಾದ ಮೇಲೆ ಪೆಟ್ಟಿಗೆಗಳನ್ನು ಬಿಟ್ಟು ಮನುಷ್ಯರನ್ನು ಹುಡುಕಲು ಹೊರಟಿದ್ದರು. ಪೆಟ್ಟಿಗೆಗಳು ಸುಳ್ಳು ಹೇಳುತ್ತಿರಲಿಲ್ಲ, ಹಾಗಾಗಿ ಹಳೆಯ ಕೆಲಸವೇ ವಾಸಿಯಾಗಿತ್ತು ಎಂದು ಆಗಾಗ ಗೊಣಗುವುದೂ ಇತ್ತು.

"ಯಾಕಮ್ಮ ಬೇಡ?"

"ಅದರಲ್ಲಿ ಅಕ್ಕನ ವಾಸನೆ ಇದೆ. ಬಿಚ್ಚಿದ್ರೆ ಹೋಗಿಬಿಡತ್ತೆ. ಅದೊಂದೇ ಉಳಿದಿರೋದು ನನಗೆ."

ಅವ್ವ ಹೋದಾಗ ತಂಗಿಗೆ ಒಂಬತ್ತು ವರ್ಷ. ಅಲ್ಲಿಂದಾಚೆಗೆ ತಲೆ ಬಾಚಿದ್ದು, ಹೊಲಿಗೆ ಕಲಿಸಿದ್ದು, ಮದುವೆ ಮಾಡಿಕೊಟ್ಟಿದ್ದು ಎಲ್ಲ ಅಕ್ಕನೇ. ತಾನು ಮಾತ್ರ ಮದುವೆಯ ಗೋಜಿಗೆ ಹೋಗದೆ ಶಾಲೆಯಲ್ಲಿ ಭೂಗೋಳ ಹೇಳಿಕೊಂಡಿದ್ದಳು. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ದೇಶಗಳನ್ನೆಲ್ಲ ಒಮ್ಮೆ ಕಣ್ಣಾರೆ ನೋಡಬೇಕೆಂಬ ಹುಚ್ಚು ಅವಳಿಗೆ. ಹದಿನೇಳು ದೇಶ ಸುತ್ತಿದ್ದಳು. ಈಚಿನ ಮೂರು ಪ್ರವಾಸಗಳಂತೂ ಮೂವರು ಗೆಳತಿಯರ ಜೊತೆಗೇ. ಹಲ್ಲಿನ ಡಾಕ್ಟರು, ಬ್ಯಾಂಕಿನವಳು, ಕಾಲೇಜಿನವಳು, ಇವಳು. ನಾಲ್ವರೂ ಸೇರಿದರೆ ವಿಮಾನವೇ ಒಂದು ಕಡೆಗೆ ವಾಲುತ್ತದೆ ಎಂದು ತಂಗಿ ಗೇಲಿ ಮಾಡುತ್ತಿದ್ದಳು.

ಈಗ ಕತ್ತರಿಸುವ ಮೇಜಿನ ಮೇಲೆ, ದೊಡ್ಡ ಕತ್ತರಿಯ ಕೆಳಗೆ, ಒಂದು ಹಾಳೆ ಇತ್ತು. ಹುಡುಕಾಟ ನಿಲ್ಲಿಸಲು ಒಪ್ಪಿಗೆ ಪತ್ರ. ಹೊಸ ಪುರಾವೆ ಏನಾದರೂ ಇದ್ದರೆ ಇವತ್ತು ಐದು ಗಂಟೆಯೊಳಗೆ ತನ್ನಿ, ಇಲ್ಲದಿದ್ದರೆ ಸಹಿ ಹಾಕಿ ಕೊಡಿ ಎಂದಿದ್ದರು ಹುಡುಕಾಟ ನೋಡಿಕೊಳ್ಳುವ ಕಚೇರಿಯವರು. ಸಹಿ ಬಿದ್ದರೆ ಅಕ್ಕ ಕಾಗದದ ಮೇಲೂ ಸತ್ತ ಹಾಗೆ. ಈಗ ಗಂಟೆ ಎರಡೂ ಕಾಲು.

"ಕೊಡು," ಎಂದ ಪಕ್ಕದಲ್ಲಿ ನಿಂತಿದ್ದ ಗಂಡ, ಮೆತ್ತಗೆ. "ನಾನು ಇವರನ್ನ ಕರೆಸಿದ್ದೇ ಇದಕ್ಕೆ. ಅಕ್ಕ ಸಿಗಬೇಕೋ ಬೇಡವೋ ನಿನಗೆ?"

ಗಡಿಯಾರದ ಅಂಗಡಿ ಅವನದು. ಮಾತು ಕಡಿಮೆ, ಬೆರಳು ಚುರುಕು. ಈ ಇಪ್ಪತ್ತೆರಡು ದಿನ ಅವನೂ ನಿದ್ದೆ ಮಾಡಿರಲಿಲ್ಲ. ಸಹಿ ಹಾಕಬೇಡ ಎಂದು ಪಟ್ಟು ಹಿಡಿದವನು ಅವನೊಬ್ಬನೇ; ಗೆಳತಿಯರು ಮೂವರೂ ಸಹಿ ಹಾಕಿಬಿಡು, ಹಾಕಿಬಿಡು ಎಂದು ಬೆನ್ನು ಹತ್ತಿದ್ದರು. ಪೆಟ್ಟಿಗೆ ಮನೆಗೆ ಬಂದ ದಿನ ಕೋಣೆಯ ಬಾಗಿಲು ಹಾಕಿಕೊಂಡು ಒಂದು ಗಂಟೆ ಅದರ ಮುಂದೆಯೇ ಕುಳಿತಿದ್ದ. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು. ಹೆಂಡತಿಯ ಅಕ್ಕನಿಗೋಸ್ಕರ ಇಷ್ಟು ಕರಗುವ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ ಎಂದು ತಂಗಿ ಅವತ್ತು ಅಂದುಕೊಂಡಿದ್ದಳು.

ಅವಳು ಚೀಲ ಕೊಟ್ಟಳು.

ಮೇಷ್ಟ್ರು ದಾರ ಬಿಚ್ಚಿ ಒಂದೊಂದೇ ಸುರುಳಿಯನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಬಟ್ಟೆಗಳೆಲ್ಲ ಉಲ್ಟಾ ಮಡಿಸಿ ಬಿಗಿಯಾಗಿ ಸುತ್ತಿದ್ದವು. ಪ್ರತಿಯೊಂದಕ್ಕೂ ಒಂದು ಚೀಟಿ ಸಿಕ್ಕಿಸಿತ್ತು.

"ಹೊಲಿಗೆ ಹೊರಗೆ ಕಾಣ್ತಿದೆ. ಯಾಕಮ್ಮ?"

"ತೊಟ್ಟು ಬಿಚ್ಚಿದ್ದನ್ನ ಅಕ್ಕ ಹಾಗೇ ಸುತ್ತಿಡ್ತಾಳೆ. ಮನೆಗೆ ಬಂದಮೇಲೆ ಯಾವುದು ಒಗೆಯೋದು, ಯಾವುದು ಒಗೆಯೋದು ಬೇಡ ಅಂತ ತಡಕಾಡಬಾರದಂತೆ. ದಿನಕ್ಕೊಂದು ಜೊತೆ, ಜೊತೆಗೊಂದು ಚೀಟಿ. ಹೊರಡೋಕೆ ಮುಂಚೆ ಇದೇ ಮೇಜಿನ ಮೇಲೆ ಜೋಡಿಸ್ತಾಳೆ. ಏಳು ದಿನದ ಪ್ರವಾಸ ಅಂದ್ರೆ ಏಳು ಜೊತೆ. ಎಂಟನೇದು ಮನೆಗೆ ಬರೋ ದಿನಕ್ಕೆ."

"ಅವರು ಜಾರಿ ಬಿದ್ದದ್ದು ಎಷ್ಟನೇ ದಿನ?"

"ನಾಲ್ಕನೇ ದಿನ ಮಧ್ಯಾಹ್ನ. ನೀಲಿ ಅಂಗಿ ಹಾಕಿಕೊಂಡು ಬಂಡೆ ಮೇಲೆ ಕೂತಿದ್ಳಂತೆ. ಮೂವರೂ ಬರೆದುಕೊಟ್ಟಿದ್ದಾರೆ."

"ಹಾಗಾದ್ರೆ ತೊಟ್ಟು ಬಿಚ್ಚಿದ ಬಟ್ಟೆ ಎಷ್ಟಿರಬೇಕು?"

"ಮೂರು," ಎಂದಳು ತಂಗಿ.

ಹೇಳಿದ ಮೇಲೆ ಅವಳ ಕಣ್ಣು ಮೇಜಿನ ಮೇಲೆ ಹರಿಯಿತು. ಒಂದು, ಎರಡು, ಮೂರು. ನಾಲ್ಕನೆಯ ಸುರುಳಿ ನೀಲಿ. ಅವಳೇ ಹೊಲಿದುಕೊಟ್ಟ ಅಂಗಿ. ಕಂಕುಳಲ್ಲಿ ಕೊಂಚ ಬಿಗಿಯಾಯಿತು ಎಂದು ಅಕ್ಕ ಮುಖ ಗಂಟಿಕ್ಕಿದ್ದು ನೆನಪಾಯಿತು. ಆಮೇಲೆ ಐದು, ಆರು, ಏಳು. ಏಳೂ ಉಲ್ಟಾ.

ತಂಗಿ ನೀಲಿ ಸುರುಳಿಯ ಚೀಟಿಯನ್ನು ಮತ್ತೊಮ್ಮೆ ಓದಿದಳು.

"ಎಂಟನೇದು?" ಎಂದರು ಮೇಷ್ಟ್ರು.

ಅವಳು ಪೆಟ್ಟಿಗೆಯನ್ನೆಲ್ಲ ಜಾಲಾಡಿದಳು. ಚಪ್ಪಲಿ, ಛತ್ರಿ, ಔಷಧಿಯ ಡಬ್ಬಿ, ಮಡಿಸಿದ ನಕ್ಷೆ. ಮನೆಗೆ ಬರುವ ದಿನದ ಬಟ್ಟೆ ಎಲ್ಲಿಯೂ ಇರಲಿಲ್ಲ.

ಮೇಷ್ಟ್ರು ಖಾಲಿ ಪೆಟ್ಟಿಗೆಯನ್ನು ಬೆಳಕಿಗೆ ತಿರುಗಿಸಿದರು. ಒಳಗಿನ ಬೂದು ಅಸ್ತರಿಯ ಒಂದು ಅಂಚಿನಲ್ಲಿ ಗೇಣುದ್ದ ಕಪ್ಪು ಹೊಲಿಗೆ. ತಂಗಿ ಬಗ್ಗಿ ನೋಡಿದಳು. ಹೊಲಿಗೆಯ ವಿಷಯದಲ್ಲಿ ಅವಳ ಕಣ್ಣು ಮೋಸ ಹೋಗುವುದಿಲ್ಲ.

"ಇದು ಅಕ್ಕನ ಕೈ. ಕೊನೇಲಿ ಮೂರು ಸಲ ಗಂಟು ಹಾಕ್ತಾಳೆ, ಎಷ್ಟು ಬೈದ್ರೂ ಬಿಡಲ್ಲ." ಉಗುರಿನಿಂದ ಎಳೆಯನ್ನು ಎತ್ತಿದಳು. "ಇದರಡಿ ಇನ್ನೊಂದು ಹೊಲಿಗೆ ಇತ್ತು. ಬಹಳ ಸಣ್ಣ ಸಣ್ಣ ತೂತು. ನೋಡಿ, ಬೂದು ದಾರದ ತುಂಡು. ಇಂಥದೇ ದಾರ ನನ್ನ ಡಬ್ಬೀಲೂ ಇದೆ."

"ಹಳೇ ಪೆಟ್ಟಿಗೆ ಅಲ್ವಾ, ಹರಿದಿರಬೇಕು," ಎಂದ ಗಂಡ.

"ಎಲ್ಲಿ ಹಳೇದು? ಎರಡು ವರ್ಷದ ಹಿಂದೆ ನೀವೇ ತಂದುಕೊಟ್ಟಿದ್ದು. ಆಮೇಲೆ ಅಕ್ಕ ಬೇರೆ ಪೆಟ್ಟಿಗೆ ಮುಟ್ಟಿಲ್ಲ."

ಮೇಷ್ಟ್ರು ಆ ಮಾತಿಗೆ ಕಿವಿಗೊಟ್ಟ ಹಾಗೆ ಕಾಣಲಿಲ್ಲ. ಅವರು ಪೆಟ್ಟಿಗೆಯ ಹೊರಮೈಯನ್ನು ಅಂಗೈಯಿಂದ ಸವರುತ್ತಿದ್ದರು. ಚಕ್ರದ ಹತ್ತಿರ ಅವರ ಬೆರಳು ನಿಂತಿತು. ಅಲ್ಲಿ ಉಗುರಿನಗಲದ ಒಂದು ಬಿಳಿ ಚೀಟಿ ಅಂಟಿಕೊಂಡಿತ್ತು.

"ಹಿಡಿಕೆಗೆ ಕಟ್ಟೋ ಉದ್ದ ಪಟ್ಟೀನ ಎಲ್ಲರೂ ಕಿತ್ತು ಬಿಸಾಡ್ತಾರೆ. ಆ ಪಟ್ಟಿ ಹರಿದುಹೋದ್ರೆ ಇರಲಿ ಅಂತ ನಮ್ಮವರು ಒಂದು ಮರಿಚೀಟಿ ಅಂಟಿಸಿರ್ತಾರೆ. ಇದು ಯಾರ ಕಣ್ಣಿಗೂ ಬೀಳಲ್ಲ," ಎಂದು ಮೇಷ್ಟ್ರು ಕನ್ನಡಕ ಏರಿಸಿದರು. "ನನ್ನ ಕೈಕೆಳಗೆ ಪಳಗಿದವರು ಇನ್ನೂ ಅಲ್ಲೇ ಇದ್ದಾರೆ."

ಚೀಟಿಯ ಮೇಲಿನ ಸಂಖ್ಯೆಯನ್ನು ಫೋನಿನಲ್ಲಿ ಓದಿ ಹೇಳಿದರು. ಉತ್ತರ ಬರಲು ಹದಿನೈದು ನಿಮಿಷ ಹಿಡಿಯಿತು. ಆ ಹದಿನೈದು ನಿಮಿಷ ತಂಗಿ ನೀಲಿ ಅಂಗಿಯನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಾ ಕುಳಿತಿದ್ದಳು. ದೇವರೇ, ಸುಳ್ಳೇ ಆದರೂ ಸರಿ, ಇನ್ನು ಹದಿನೈದು ನಿಮಿಷ ಹೀಗೇ ಇರಲಿ ಎಂದು ಬೇಡಿಕೊಂಡಳು.

ಫೋನು ಕೆಳಗಿಟ್ಟು ಮೇಷ್ಟ್ರು ಹೇಳಿದರು: "ಗೆಳತಿಯರು ವಾಪಸ್ ಬಂದದ್ದು ಭಾನುವಾರ. 'ಪೆಟ್ಟಿಗೆ ನಮ್ಮ ಜೊತೆಗೇ ಬಂತು, ಕೊಡೋಕೆ ಧೈರ್ಯ ಆಗದೆ ಗುರುವಾರದ ತನಕ ಇಟ್ಟುಕೊಂಡಿದ್ವಿ' ಅಂದ್ರು ಅವರು. ಆದ್ರೆ ಈ ಪೆಟ್ಟಿಗೆ ವಿಮಾನ ಹತ್ತಿದ್ದು ಮಂಗಳವಾರ. ಅದೂ ಸರೋವರದ ದೇಶದಿಂದ ಅಲ್ಲ, ಪಕ್ಕದ ದೇಶದಿಂದ."

"ಅಂದ್ರೆ?"

"ಹೆಸರು ಹೇಳೋ ಅಧಿಕಾರ ನಮ್ಮವರಿಗಿಲ್ಲ. ಆದ್ರೆ ಯಾರೂ ಹತ್ತದೆ ಪೆಟ್ಟಿಗೆ ಒಂದನ್ನೇ ಹತ್ತಿಸಲ್ಲಮ್ಮ. ಇದರ ಜೊತೆ ಒಬ್ಬರು ಹತ್ತಿದ್ದಾರೆ, ಇಲ್ಲಿ ಇಳಿದಿದ್ದಾರೆ. ಆ ಗಡಿಯಲ್ಲಿ ರೈಲು ಹತ್ತಿದ್ರೆ ಪಾಸ್‌ಪೋರ್ಟ್ ಕೇಳೋರಿಲ್ಲ. ಇಲ್ಲಿ ಇಳಿದವರ ಪಟ್ಟೀನ ತೆಗೆದು ನೋಡೋರು ಯಾರು? ಮುಳುಗಿದವರನ್ನ ನೀರಲ್ಲಿ ತಾನೇ ಹುಡುಕೋದು."

"ಎಲ್ಲಿದ್ದಾಳೆ?" ಗಂಡನ ದನಿ ತಂಗಿಯ ದನಿಗಿಂತ ಮೊದಲೇ ಹೊರಟಿತು. "ಈಗ ಎಲ್ಲಿದ್ದಾಳೆ ಅವಳು?"

"ಅದನ್ನ ಪೆಟ್ಟಿಗೆ ಹೇಳಲ್ಲ. ತಂದುಕೊಟ್ಟವರು ಹೇಳಬೇಕು," ಎಂದು ಮೇಷ್ಟ್ರು ಎದ್ದರು.

ತಂದುಕೊಟ್ಟವಳು ಹಲ್ಲಿನ ಡಾಕ್ಟರು.

ಕಾರನ್ನು ಗಂಡನೇ ಓಡಿಸಿದ. ಎದುರು ಬದಿಯ ಮರದಡಿ ನಿಲ್ಲಿಸಿ, "ನಾನು ಬಂದಿದ್ದೀನಿ ಅಂತ ಹೇಳಬೇಡ. ಗುಂಪು ಕಟ್ಟಿಕೊಂಡು ಹೋದ್ರೆ ಗಾಬರಿಯಾಗಿ ಬಾಯಿ ಮುಚ್ಚಿಕೋತಾಳೆ. ಏನೇ ಗೊತ್ತಾದ್ರೂ ತಕ್ಷಣ ಮೆಸೇಜ್ ಮಾಡು," ಎಂದ. ತಂಗಿ ಅವನ ಕೈಯನ್ನೊಮ್ಮೆ ಒತ್ತಿ ಇಳಿದಳು.

ಕ್ಲಿನಿಕ್ಕು ಮೊದಲ ಮಹಡಿಯಲ್ಲಿ. ಅದರ ಮೇಲಿನದು ಡಾಕ್ಟರ ಮನೆ. ಮೆಟ್ಟಿಲು ಕ್ಲಿನಿಕ್ಕಿನ ಬಾಗಿಲಿಗೆ ತಾಗಿಕೊಂಡೇ ಮೇಲಕ್ಕೆ ಹೋಗುತ್ತಿತ್ತು.

"ಬೇಗ ಮುಗಿಸಿಕೊಳ್ಳಿ. ಸರಿಯಾಗಿ ನಾಲ್ಕಕ್ಕೆ ಡಾಕ್ಟರು ಮೇಲೆ ಹೋಗ್ತಾರೆ. ಆಮೇಲೆ ಒಂದು ಗಂಟೆ ಯಾರಿಗೂ ಸಿಗಲ್ಲ," ಎಂದಳು ಹೆಸರು ಬರೆದುಕೊಳ್ಳುವವಳು. ಗೋಡೆಯ ಗಡಿಯಾರದಲ್ಲಿ ಮೂರೂವರೆ.

ಬಾಯಿಗೆ ಹತ್ತಿ ತುರುಕಿಸಿಕೊಂಡ ಒಬ್ಬ ಮುದುಕ ಹೊರಗೆ ಬಂದ ಮೇಲೆ ಇವರಿಬ್ಬರೂ ಒಳಗೆ ಹೋದರು. ಡಾಕ್ಟರು ಕೈಗವಸು ಕಳಚುತ್ತಿದ್ದಳು. ಅಕ್ಕನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು. ತಂಗಿಯ ಹಾಲುಹಲ್ಲು ಕಿತ್ತವಳೂ ಇವಳೇ. ಆಗ ಇನ್ನೂ ಡಾಕ್ಟರಾಗಿರಲಿಲ್ಲ, ಬಾಗಿಲಿಗೆ ದಾರ ಕಟ್ಟಿ ಎಳೆದಿದ್ದಳು.

"ಪುಟ್ಟೀ! ಬಾರೇ. ಸಹಿ ಮಾಡಿದ್ಯಾ? ಯಾರ ಜೊತೆ ಬಂದೆ?"

"ಮೇಷ್ಟ್ರ ಜೊತೆ."

ಮೇಷ್ಟ್ರು ನಮಸ್ಕಾರ ಹೇಳಲಿಲ್ಲ, ಪೀಠಿಕೆ ಹಾಕಲಿಲ್ಲ. ಚೀಲದಿಂದ ನೀಲಿ ಅಂಗಿಯನ್ನು ತೆಗೆದು, ರೋಗಿಗಳು ಒರಗುವ ಕುರ್ಚಿಯ ಮೇಲೆ ಉದ್ದಕ್ಕೆ ಹಾಸಿದರು. ಹೊಲಿಗೆ ಮೇಲಾಗಿಯೇ ಇತ್ತು. ಮೇಲಿನ ದೀಪ ಅದರ ಮೇಲೆ ನೇರವಾಗಿ ಬೀಳುತ್ತಿತ್ತು.

ಡಾಕ್ಟರ ಮುಖದ ಬಣ್ಣ ಇಳಿದುಹೋಯಿತು.

"ಇದನ್ನ ತೊಟ್ಟುಕೊಂಡೇ ಜಾರಿದ್ರು ಅಂತ ಬರೆದಿದ್ದೀರಿ," ಎಂದರು ಮೇಷ್ಟ್ರು. "ಇದು ಒಗೆಯೋ ಬಟ್ಟೆಯ ಚೀಲದಲ್ಲಿತ್ತು. ಒದ್ದೆ ಆದ ಕುರುಹೂ ಇಲ್ಲ."

"ಬಣ್ಣ... ಬಣ್ಣ ತಪ್ಪಾಗಿ ಬರೆದಿರಬೇಕು. ಆ ಗಾಬರೀಲಿ ಯಾರಿಗೆ ನೆನಪಿರತ್ತೆ?"

"ಮೂವರಿಗೂ ಒಂದೇ ತಪ್ಪು?"

"ದಿನಕ್ಕೆ ಎರಡೆರಡು ಸಲ ಬಟ್ಟೆ ಬದಲಾಯಿಸ್ತಿದ್ಳು."

"ಇಲ್ಲ," ಎಂದಳು ತಂಗಿ. "ಅಕ್ಕ ಹಾಗೆ ಮಾಡಲ್ಲ. ನಿನಗೂ ಗೊತ್ತು ಡಾಕ್ಟರಕ್ಕ."

ಡಾಕ್ಟರು ಕೈ ತೊಳೆಯಲು ಹೋದಳು. ಒಮ್ಮೆ ತೊಳೆದ ಕೈಯನ್ನೇ ಮತ್ತೆ ತೊಳೆದಳು.

"ಈ ಚೀಲ ಒಂದನ್ನ ನೀವು ಯಾಕೆ ಬಿಚ್ಚಿ ನೋಡಲಿಲ್ಲ?" ಮೇಷ್ಟ್ರ ದನಿಯಲ್ಲಿ ಕೋಪವಿರಲಿಲ್ಲ, ನಿಜವಾದ ಕುತೂಹಲವಿತ್ತು. "ಪಟ್ಟಿ ಕಿತ್ತಿದ್ದೀರಿ. ಟಿಕೆಟ್ ತೆಗೆದಿದ್ದೀರಿ. ಇಷ್ಟು ಹುಷಾರಾಗಿದ್ದವರು ಇದನ್ನ ಮರೆತಿರಾ?"

"ಮರೆಯಲಿಲ್ಲ." ಬೆನ್ನು ತಿರುಗಿಸಿಕೊಂಡೇ ಅವಳೆಂದಳು. "ನಮ್ಮ ನಾಲ್ವರದೂ ಒಂದು ನಿಯಮ. ಒಬ್ಬರ ಸಾಮಾನು ಇನ್ನೊಬ್ಬರ ಪೆಟ್ಟಿಗೆಗೆ ಹಾಕಬಹುದು, ಹೊರಬಹುದು, ಬೈಯಬಹುದು. ತೊಟ್ಟು ಬಿಚ್ಚಿದ ಬಟ್ಟೆಯ ಚೀಲಕ್ಕೆ ಮಾತ್ರ ಯಾರೂ ಕೈಹಾಕಬಾರದು. ಮೂರು ಪ್ರವಾಸ ಪಾಲಿಸಿದ್ದು. ಕೈ ಬರಲಿಲ್ಲ."

ಗಡಿಯಾರ ನಾಲ್ಕಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಡಾಕ್ಟರು ಅದನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದಳು.

"ಪುಟ್ಟೀ, ನನ್ನ ಮಾತು ಕೇಳು. ಏನೂ ಕೇಳಬೇಡ. ಸಹಿ ಹಾಕು."

ತಂಗಿ ಕೈಚೀಲದಿಂದ ಹಾಳೆಯನ್ನು ತೆಗೆದಳು. ಪೆನ್ನನ್ನೂ ತೆಗೆದಳು. ಸಲಕರಣೆ ಇಡುವ ತಟ್ಟೆಯನ್ನು ಸರಿಸಿ ಅಲ್ಲೇ ಹಾಳೆ ಹಾಸಿದಳು. 

"ಹಾಕ್ತೀನಿ. ಈಗಲೇ ಹಾಕ್ತೀನಿ. ಪುರಾವೆ ಬೇಡ, ಪೊಲೀಸ್ ಬೇಡ. ನೀನು ಒಂದೇ ಒಂದು ಸಲ ನನ್ನ ಮುಖ ನೋಡಿ ಹೇಳು, ಅಕ್ಕ ಸತ್ತಿದ್ದಾಳೆ ಅಂತ. ಇಪ್ಪತ್ತೆರಡು ದಿನ ಆಯ್ತು. ಊಟಕ್ಕೆ ಕೂತ್ರೆ ಅವಳ ಬಾಯಿಗೆ ನೀರು ಹೋದದ್ದೇ ಕಣ್ಮುಂದೆ ಬರತ್ತೆ. ಬಟ್ಟೆ ಕತ್ತರಿಸೋಕೆ ಹೋದ್ರೆ ಅಳತೆ ತಪ್ಪತ್ತೆ. ನನಗೆ ಹುಚ್ಚು ಹಿಡೀತಿದೆ ಡಾಕ್ಟರಕ್ಕ. ಸತ್ತಿದ್ದಾಳೆ ಅಂತ ಹೇಳು, ಅತ್ತು ಮುಗಿಸ್ತೀನಿ. ಹೇಳೇ!"

ಡಾಕ್ಟರು ಬಾಯಿ ತೆರೆದಳು. ಸಾವಿರಾರು ಬಾಯಿಗಳನ್ನು ತೆರೆಸಿದವಳು ತನ್ನ ಬಾಯನ್ನು ಸೆರಗಿನಿಂದ ಮುಚ್ಚಿಕೊಂಡು ಅಳಲು ಶುರುಮಾಡಿದಳು.

"ಬದುಕಿದ್ದಾಳೆ ಕಣೇ. ಮೇಲೆ ಇದ್ದಾಳೆ. ನನ್ನ ಮನೇಲಿ."

ತಂಗಿಗೆ ಆ ಕ್ಷಣ ಏನೂ ಕೇಳಿಸಲಿಲ್ಲ. ಕಿವಿ ಗುಂಯ್ ಎಂದಿತು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ನೀಲಿ ಅಂಗಿಯನ್ನು ಬಾಚಿಕೊಂಡು ಮುಖಕ್ಕೆ ಒತ್ತಿಕೊಂಡಳು. ಅಕ್ಕ ಬದುಕಿದ್ದಾಳೆ. ಹದಿನೆಂಟು ಮೆಟ್ಟಿಲು ಹತ್ತಿದರೆ ಅಕ್ಕ.

ಮೊದಲು ನೆನಪಾದದ್ದು ಕೆಳಗೆ ಕಾರಿನಲ್ಲಿ ಕಾಯುತ್ತಿರುವವನು. ಪಾಪ, ಅವನೂ ಎಷ್ಟು ಒದ್ದಾಡಿದ್ದ. ಕಣ್ಣೀರಿನಲ್ಲಿ ಅಕ್ಷರ ಕಾಣದಿದ್ದರೂ ಬೆರಳು ತಾನಾಗಿ ಓಡಿತು. 'ಅಕ್ಕ ಸಿಕ್ಕಿದಳು ಕಣ್ರೀ. ಇಲ್ಲೇ ಮೇಲಿನ ಮನೆಯಲ್ಲಿದ್ದಾಳೆ. ಬೇಗ ಬನ್ನಿ.' ಕಳಿಸಿ ಫೋನನ್ನು ಕೈಚೀಲಕ್ಕೆ ಹಾಕಿದಳು.

"ಈ ಮೂರನೇ ಪ್ರವಾಸದಲ್ಲಿ ಪೆಟ್ಟಿಗೆಯ ಅಸ್ತರಿ ಒಂದು ಕಡೆ ಬಿಟ್ಟುಕೊಂಡಿತ್ತು," ಡಾಕ್ಟರು ಮೂಗು ಒರೆಸಿಕೊಳ್ಳುತ್ತಾ ಮೇಷ್ಟ್ರಿಗೆ ಹೇಳುತ್ತಿದ್ದಳು. "ಹೊಲಿಯೋಣ ಅಂತ ನೋಡಿದ್ರೆ ಒಳಗೆ ಕದ್ದು ಸಾಗಿಸೋ ಮಾಲು ಇಟ್ಟಿದ್ರು. ಅವಳಿಗೆ ತಿಳೀದ ಹಾಗೆ. ಮೂರು ಪ್ರವಾಸವೂ ಅವಳು ಅದನ್ನ ಹೊತ್ತುಕೊಂಡೇ ತಿರುಗಿದ್ದಾಳೆ. ಅದನ್ನ ತೆಗೆದು ತನ್ನ ಹತ್ತಿರ ಇಟ್ಟುಕೊಂಡ್ಳು. ಆ ರಾತ್ರಿಯೇ ಹೋಟೆಲಿನ ಕೋಣೆಗೆ ಯಾರೋ ಹುಡುಕಿಕೊಂಡು ಬಂದ್ರು. ಸತ್ತೆ ಅನ್ನಿಸಿಕೊಂಡ್ರೆ ಮಾತ್ರ ಉಳೀತೀನಿ ಅಂದ್ಳು. ಅಸ್ತರಿ ಹೊಲಿದು ಪೆಟ್ಟಿಗೆ ವಾಪಸ್ ಕಳಿಸಿದ್ದೂ ಅದಕ್ಕೇ, ನಂಬಲಿ ಅಂತ."

"ಯಾರು ನಂಬಲಿ ಅಂತ?" ಮೇಷ್ಟ್ರು ಕೇಳಿದರು.

ಡಾಕ್ಟರು ತಂಗಿಯ ಎರಡೂ ಕೈಗಳನ್ನು ಹಿಡಿದುಕೊಂಡಳು.

"ಪುಟ್ಟೀ, ನಿನ್ನ ಹೊಟ್ಟೆ ಉರಿಸಬಾರದು ಅಂತಲೇ ಅವಳು ಇಷ್ಟು ದಿನ ಬಾಯಿ ಬಿಡಲಿಲ್ಲ. ನೀನು ಸಹಿ ಹಾಕಿದ್ರೆ ಅವರು ಹುಡುಕೋದು ಬಿಡ್ತಾರೆ ಅಂದುಕೊಂಡಿದ್ಳು. ಬೇರೆ ಯಾರಿಗಾದ್ರೂ ಹೇಳು. ಒಬ್ಬರಿಗೆ ಮಾತ್ರ ಹೇಳಬೇಡ."

"ಯಾರಿಗೆ?"

"ಆ ಪೆಟ್ಟಿಗೆ ಕೊಟ್ಟವರಿಗೆ."

ತಂಗಿಗೆ ಒಂದೊಂದೇ ನೆನಪಾಯಿತು. ಸಣ್ಣ ಸಣ್ಣ ತೂತು. ತನ್ನ ಡಬ್ಬಿಯ ಬೂದು ದಾರ. ಬಾಗಿಲು ಹಾಕಿಕೊಂಡು ಗಂಡ ಪೆಟ್ಟಿಗೆಯ ಮುಂದೆ ಕುಳಿತ ಒಂದು ಗಂಟೆ. ಹೇಗಿದ್ದಾಳೆ ಎಂದು ಅವನು ಕೇಳಿರಲಿಲ್ಲ. ಎಲ್ಲಿದ್ದಾಳೆ ಎಂದು ಕೇಳಿದ್ದ, ಎರಡು ಸಲ.

ಮೇಷ್ಟ್ರು ಮೆಲ್ಲಗೆ ಕನ್ನಡಕ ತೆಗೆದರು. ಮೂವತ್ತೊಂದು ವರ್ಷದಲ್ಲಿ ಎಂದೂ ಪೆಟ್ಟಿಗೆಯನ್ನು ತಪ್ಪು ಕೈಗೆ ಕೊಟ್ಟವರಲ್ಲ ಅವರು.

"ನನ್ನನ್ನ ಕರೆಸಿದವರೂ ಅವರೇ," ಎಂದರು.

ತಂಗಿ ಕಿಟಕಿಗೆ ಓಡಿದಳು. ಮರದ ಕೆಳಗೆ ಕಾರು ಇತ್ತು. ಅದರ ಬಾಗಿಲು ಹಾರು ಹೊಡೆದಿತ್ತು, ಒಳಗೆ ಯಾರೂ ಇರಲಿಲ್ಲ.

ಕ್ಲಿನಿಕ್ಕಿನ ಬಾಗಿಲಾಚೆ ಮೆಟ್ಟಿಲಿನ ಮೇಲೆ ಹೆಜ್ಜೆಯ ಸದ್ದು ಕೇಳಿಸಿತು. ಅದು ಬಾಗಿಲ ಹತ್ತಿರ ನಿಲ್ಲಲಿಲ್ಲ. ಮೇಲಕ್ಕೆ ಹೋಯಿತು.

"ಬಾಗಿಲು ತೆಗೆಯಲ್ಲ ತಾನೇ?" ತಂಗಿಯ ದನಿ ಕಿರುಚಾಟವಾಗಿತ್ತು. "ಅಕ್ಕ ಯಾರಿಗೂ ಬಾಗಿಲು ತೆಗೆಯಲ್ಲ ತಾನೇ?"

ಡಾಕ್ಟರು ಗೋಡೆಯ ಗಡಿಯಾರ ನೋಡುತ್ತಿದ್ದಳು. ಅವಳ ತುಟಿ ಬಿಳಿಚಿಕೊಂಡಿತ್ತು.

"ದಿನಾ ನಾಲ್ಕಕ್ಕೆ ನಾನು ಹೋಗಿ ಬೆಲ್ ಮಾಡ್ತೀನಿ. ನಾಲ್ಕಕ್ಕೆ ಬೆಲ್ ಆದ್ರೆ ಮಾತ್ರ ತೆಗೀತಾಳೆ."

ಮುಳ್ಳು ನಾಲ್ಕರ ಮೇಲಿತ್ತು. ಮೇಲಿನ ಮನೆಯ ಬೆಲ್ಲು ಒಮ್ಮೆ ಸದ್ದು ಮಾಡಿತು. ಆಮೇಲೆ, ಮೂವರಿಗೂ ಸ್ಪಷ್ಟವಾಗಿ ಕೇಳಿಸುವ ಹಾಗೆ, ಯಾರೋ ಒಳಗಿನಿಂದ ಚಿಲಕ ಸರಿಸಿದರು.